ತಾರಸಿಯ ಮೇಲೆ ನಾಲ್ಕು ಬಟ್ಟೆ ತುಂಡು

ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾರಸಿಗೆ ಹೋದಳು. ನಾನು ಕೆಳಗೆ ನಲ್ಲಿಯ ಮುಂದೆ ನಿಂತೆ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಬಂತು.

"ಟೀಚರಮ್ಮನ್ನ ಮುಚ್ಚಿದೀನಿ ಕಣೇ! ನಿಂತ್ತಾ ನೋಡು!"

"ನಿಂತ್ತು!"

ಹೊಸಬರು ಯಾರಾದರೂ ಕೇಳಿದ್ದರೆ ಗಾಬರಿಯಾಗುತ್ತಿದ್ದರು. ವಿಷಯ ಇಷ್ಟೇ. ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಸಾಲಾಗಿ ನಾಲ್ಕು ಗೇಟ್‌ವಾಲ್ ಇವೆ. ಒಂದೊಂದು ಪೈಪಿಗೆ ಒಂದೊಂದು ಕಬ್ಬಿಣದ ಚಕ್ರ. ತಿರುಗಿಸಿ ಮುಚ್ಚಿದರೆ ಆ ಪೈಪಿನಲ್ಲಿ ನೀರು ನಿಲ್ಲುತ್ತದೆ. ಯಾವುದು ಯಾವುದಕ್ಕೆ ಎಂದು ಮರೆಯಬಾರದೆಂದು ಅಕ್ಕ ನನ್ನ ಹೊಲಿಗೆಯ ಬುಟ್ಟಿಯಿಂದ ಮಿಕ್ಕ ತುಂಡುಗಳನ್ನು ತೆಗೆದುಕೊಂಡು ಹೋಗಿ ಒಂದೊಂದಕ್ಕೆ ಕಟ್ಟಿದ್ದಳು. ಅಡುಗೆಮನೆಗೆ ಹಸಿರು ತುಂಡು, ಅದು ನಮ್ಮ ಬೀದಿಯ ಟೀಚರಮ್ಮನ ಬ್ಲೌಸಿನದು. ಬಚ್ಚಲಿಗೆ ಹಾಲಿನಮ್ಮನ ಕೆಂಪು. ಕಕ್ಕಸಿಗೆ ಬ್ಯಾಂಕಿನಮ್ಮನ ಹಳದಿ. ಪಾಪ, ಬ್ಯಾಂಕಿನಮ್ಮನನ್ನು ಅಲ್ಲಿಗೆ ಯಾಕೆ ಕಟ್ಟಿದೆ ಎಂದು ಒಮ್ಮೆ ಕೇಳಿದ್ದೆ.

"ಒಂದು ಬ್ಲೌಸನ್ನ ನಿನ್ ಕೈಲಿ ಮೂರು ಸಲ ಬಿಚ್ಚಿ ಹೊಲಿಸಿದಳಲ್ಲ, ಅದಕ್ಕೇ," ಎಂದಿದ್ದಳು.

ಅಕ್ಕ ಕೆಳಗಿಳಿದು ಬಂದು ತಿರುಪು ಬಿಚ್ಚುವ ಪಾನಾ ಹಿಡಿದು ಕುಳಿತಳು. ನಾನು ಟಾರ್ಚ್ ಹಿಡಿದೆ. ನಮ್ಮ ಮನೆಯಲ್ಲಿ ನಲ್ಲಿ ರಿಪೇರಿ ಎಂದರೆ ಹೀಗೇ. ಅಕ್ಕ ಬಿಚ್ಚುವವಳು, ನಾನು ಬೆಳಕು ಹಿಡಿಯುವವಳು.

"ಬೆಳಕನ್ನ ನನ್ನ ಮೂಗಿಗೆ ಬಿಡಬೇಡ್ವೇ, ನಲ್ಲಿಗೆ ಬಿಡು."

"ನಲ್ಲಿಗೇ ಬಿಟ್ಟಿದೀನಲ್ಲ."

"ನನ್ನ ಮೂಗೆಲ್ಲಿದೆ, ನಲ್ಲಿ ಎಲ್ಲಿದೆ? ತೋಳು ಕೂರಿಸೋವಾಗ್ಲೂ ಹಿಂಗೇ ನೋಡ್ತೀಯೇನೋ! ಬ್ಯಾಂಕಿನಮ್ಮ ಬಿಚ್ಚಿಸಿದ್ರಲ್ಲಿ ತಪ್ಪೇನಿಲ್ಲ ಬಿಡು."

ಅವಳು ಹೇಳಿದ್ದು ನಿಜ. ಅಷ್ಟು ವರ್ಷ ಟಾರ್ಚ್ ಹಿಡಿದು ನಾನು ನೋಡಿದ್ದು ಅವಳ ಮುಖವನ್ನು, ನಲ್ಲಿಯನ್ನಲ್ಲ. ತಿರುಪು ಬಿಗಿಯಾಗಿದ್ದರೆ ಅವಳು ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡುವುದೇ ನನಗೆ ಚೆಂದ.

ಸವೆದ ವಾಷರ್ ತೆಗೆದು ಹೊಸದು ಹಾಕಿದಳು. ಪ್ಲಂಬರನ್ನು ಕರೆಸಬಾರದೇ ಎಂದು ನಾನು ಎಂದಿನಂತೆ ಕೇಳಿದೆ. ಅವಳು ಎಂದಿನಂತೆ ಹೇಳಿದಳು: "ಕಣ್ಣಿಗೆ ಕಾಣೋದು ನಮ್ದು. ಗೋಡೆ ಒಳಗಿರೋದು ಅವರ್ದು. ಗೋಡೆ ಒಳಕ್ಕೆ ಮಾತ್ರ ಕೈ ಹಾಕಬಾರ್ದು."

ಮಧ್ಯಾಹ್ನ ಬಸ್ಸಾರು, ಮುದ್ದೆ ಉಂಡೆವು. ಸಂಜೆ ಎಡಭುಜ ಹಿಡಿದುಕೊಂಡಿದೆ ಎಂದಳು. ಮುಲಾಮು ಹಚ್ಚಿದೆ. ಡಾಕ್ಟರಿಗೆ ತೋರಿಸೋಣ ಎಂದರೆ, ನಾಳೆ ಫಸ್ಟ್ ಶಿಫ್ಟ್ ಇದೆ, ಬುಧವಾರ ನೋಡೋಣ ಎಂದಳು.

ಸೋಮವಾರ ಹೂಟಗಳ್ಳಿಗೆ ಹೋಗುವ ಕಾರ್ಖಾನೆ ಬಸ್ಸಿಗೆ ಕಾಯುತ್ತಾ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ. ಹೃದಯ ಎಂದರು. ಗೋಡೆಯೊಳಗಿನದಕ್ಕೆ ತಿಳಿದವರನ್ನು ಕರೆಸಬೇಕು ಎನ್ನುತ್ತಿದ್ದವಳು ತನ್ನ ಎದೆಯೊಳಗಿನದಕ್ಕೆ ಯಾರನ್ನೂ ಕರೆಸಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಾವಿಬ್ಬರೂ ಮದುವೆಯಾದವರಲ್ಲ. ಕುಂಬಾರಕೊಪ್ಪಲಿನ ಈ ಮನೆಯಲ್ಲಿ ಅಪ್ಪ ಅಮ್ಮನ ನಂತರ ಇದ್ದವರು ನಾವಿಬ್ಬರೇ. ಅಕ್ಕ ಕಾರ್ಖಾನೆಗೆ ಹೋಗುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಕುಳಿತವಳು, ಅಲ್ಲೇ ಇದ್ದೇನೆ. ತಮ್ಮ ಶ್ರೀರಾಂಪುರದಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಹದಿಮೂರನೇ ದಿನದ ಊಟವಾದ ಮೇಲೆ ಅವನು ನನ್ನ ಹತ್ತಿರ ಬಂದು ಕುಳಿತ.

"ಚಿಕ್ಕಕ್ಕ, ಮನೆಗೆ ಬೀಗ ಹಾಕ್ಬುಡು. ನಮ್ಮನೆಗೆ ಬಂದ್ಬುಡು."

"ಗಿರಾಕಿಗಳೆಲ್ಲ ಇಲ್ಲೇ ಇದಾರಲ್ಲೋ."

"ಅಲ್ಲೂ ಹೆಂಗಸರು ಬ್ಲೌಸ್ ಹಾಕ್ಕೋತಾರೆ. ಇಲ್ಲಿ ಒಂದು ನಲ್ಲಿ ಕೆಟ್ರೆ ಏನ್ ಮಾಡ್ತೀಯ ನೀನು? ದೊಡ್ಡಕ್ಕ ಇದ್ಲು, ನಡೀತು. ನೀನು ಟಾರ್ಚ್ ಹಿಡಿಯೋಳು."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತು ನನ್ನಲ್ಲಿ ಕಡ್ಡಿ ಗೀರಿತು. ಆಯುಧಪೂಜೆಯವರೆಗೆ ನೋಡುತ್ತೇನೆ, ಆಗದಿದ್ದರೆ ಬರುತ್ತೇನೆ ಎಂದೆ. "ಸರಿ. ಆಗ್ಲಿಲ್ಲ ಅಂದ್ರೆ ಆಯುಧಪೂಜೆಗೆ ನಿನ್ ಮಿಷನ್ ನಮ್ಮನೇಲಿ," ಎಂದು ಅವನೂ ಗಟ್ಟಿ ಮಾಡಿಕೊಂಡ.

ಮೊದಲು ಕೆಟ್ಟಿದ್ದು ಕಕ್ಕಸಿನ ಫ್ಲಶ್ ಟ್ಯಾಂಕ್. ಹಗಲೂ ರಾತ್ರಿ ಸುಯ್ಯೆಂದು ನೀರು ಹರಿಯುತ್ತಿತ್ತು. ಎರಡು ದಿನ ಕೇಳಿಸದವಳಂತೆ ಇದ್ದೆ. ಮೂರನೇ ದಿನ ಮುಚ್ಚಳ ಎತ್ತಿ ಇಣುಕಿದೆ. ಒಳಗೆ ಒಂದು ಚೆಂಡು ನೀರಿನಲ್ಲಿ ಅರ್ಧ ಮುಳುಗಿತ್ತು, ಅದರ ಕಡ್ಡಿ ಟ್ಯಾಂಕಿನ ಬದಿಗೆ ಒರಗಿ ಸಿಕ್ಕಿಕೊಂಡಿತ್ತು. ಬೆರಳಲ್ಲಿ ಇಷ್ಟೇ ಇಷ್ಟು ಬಗ್ಗಿಸಿದೆ. ಚೆಂಡು ಮೇಲೆದ್ದಿತು, ನೀರು ನಿಂತಿತು! ನಿಜವಾಗಿ ನಿಂತಿತು! ನಾನು ಅಲ್ಲೇ ನಿಂತು ಮತ್ತೆ ಫ್ಲಶ್ ಮಾಡಿದೆ, ಮತ್ತೆ ನೋಡಿದೆ. ನಾಲ್ಕು ಸಲ ಮಾಡಿರಬೇಕು. ಅಷ್ಟು ನೀರು ದಂಡ ಮಾಡಿದ್ದಕ್ಕೆ ಅಕ್ಕ ಇದ್ದಿದ್ದರೆ ಬೈಯುತ್ತಿದ್ದಳು. ಇಂಥ ಸುಲಭದ ಕೆಲಸವನ್ನು ಇಷ್ಟು ವರ್ಷ ತಾನೊಬ್ಬಳೇ ಮಾಡಿ ಖುಷಿಪಟ್ಟಳಲ್ಲ ಎಂದು ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು.

ಆಮೇಲೆ ನನಗೆ ಹುಚ್ಚೇ ಹಿಡಿಯಿತು. ಸಿಂಕಿನಲ್ಲಿ ನೀರು ಕಟ್ಟಿಕೊಂಡಾಗ ಕೆಳಗೆ ಬಕೆಟ್ ಇಟ್ಟು ಬಾಗಿದ ಪೈಪನ್ನು ಕೈಯಲ್ಲೇ ಬಿಚ್ಚಿದೆ. ಕಾಫಿ ಚರಟ, ಅನ್ನದ ಅಗುಳು, ಜಿಡ್ಡು, ಅದರ ಮಧ್ಯೆ ಏಳು ಬ್ಲೌಸ್ ಹುಕ್ಕು. ಹುಕ್ಕುಗಳು ನನ್ನವೇ, ಬೇರೆ ಯಾರ ಮೇಲೂ ಹಾಕುವಂತಿರಲಿಲ್ಲ. ಕೈ ತೊಳೆಯುವ ಬೇಸಿನ್ನಿನ ಕೆಳಗೆ ಸೋರತೊಡಗಿದಾಗ, ಅಲ್ಲೇ ಗೋಡೆಯ ಪಕ್ಕದ ಪುಟ್ಟ ನಲ್ಲಿ ಮುಚ್ಚಿ, ಹಳೆಯ ಹೋಸ್ ಬಿಚ್ಚಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಎಷ್ಟು ಉದ್ದ ಎಂದು ಅಂಗಡಿಯವರು ಕೇಳಿದರು. ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಳೆದು ಹೇಳಿದೆ. ಅವರು ನಕ್ಕು ಹೋಸಿನ ಜೊತೆ ತಿರುಪಿಗೆ ಸುತ್ತುವ ಬಿಳಿ ಟೇಪನ್ನೂ ಕೊಟ್ಟರು.

ಮನೆಗೆ ಬಂದು ಅಚ್ಚುಕಟ್ಟಾಗಿ ಸುತ್ತಿ ಬಿಗಿದೆ. ಸೋರಿತು. ಬಿಚ್ಚಿ ಮತ್ತೆ ಸುತ್ತಿದೆ. ಮತ್ತೆ ಸೋರಿತು. ಮೂರನೇ ಸಲ ಅಂಗಡಿಗೇ ಹೋಗಿ ಕೇಳಿದೆ.

"ಯಾವ ಕಡೆಗೆ ಸುತ್ತಿದ್ರಿ ಅಮ್ಮ? ತೋರ್ಸಿ."

ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು. "ಇದು ಮಿಷನ್‌ಗೆ ದಾರ ಸುತ್ತೋ ಕೈ ಕಣಮ್ಮ! ಬಿಗಿಯೋ ಕಡೆಗೇ ಸುತ್ತಬೇಕು. ನೀವು ಉಲ್ಟಾ ಸುತ್ತಿದ್ರೆ, ಬಿಗೀತಾ ಬಿಗೀತಾ ಅದು ಬಿಚ್ಕೊಂಡು ಬರ್ತದೆ."

ಮೂವತ್ತು ವರ್ಷ ಬಾಬಿನ್ನಿಗೆ ದಾರ ಸುತ್ತಿದ ಕೈ ಅಷ್ಟು ಸುಲಭವಾಗಿ ದಿಕ್ಕು ಬದಲಿಸುತ್ತದೆಯೇ? ಒಂದು ಮಧ್ಯಾಹ್ನವೆಲ್ಲ ಪೆನ್ನಿನ ಮೇಲೆ ಟೇಪು ಸುತ್ತಿ ಅಭ್ಯಾಸ ಮಾಡಿದೆ. ಸಂಜೆ ಬೇಸಿನ್ನಿನ ಕೆಳಗೆ ಒಣ ಕಾಗದ ಹಾಸಿಟ್ಟೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹೋಗಿ ನೋಡಿದೆ. ಒಂದು ಹನಿಯೂ ಬಿದ್ದಿರಲಿಲ್ಲ. ಅಕ್ಕಾ ಎಂದು ಕೂಗಿಬಿಟ್ಟೆ. ಆಮೇಲೆ ಆ ಒಣ ಕಾಗದ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕುಳಿತಿದ್ದೆ.

ಆಯುಧಪೂಜೆಗೆ ಒಂದು ವಾರವಿತ್ತು. ಭಾನುವಾರ ಬೆಳಿಗ್ಗೆ ತಮ್ಮ ಬಂದ. ಮಿಷನ್ ಸಾಗಿಸಲು ಗಾಡಿಯವರಿಗೆ ಹೇಳಿಟ್ಟಿದ್ದೇನೆ, ನೀನು ಹೂಂ ಎನ್ನಬೇಕಷ್ಟೇ ಎಂದ. ನಾನು ಕಾಫಿಗೆ ನೀರು ಹಿಡಿಯಲು ಅಡುಗೆಮನೆಯ ನಲ್ಲಿ ತಿರುಗಿಸಿದೆ. ಕಟ್ ಎಂದಿತು. ನಲ್ಲಿ ಹಾಗೇ ಪೂರ್ತಿ ನನ್ನ ಕೈಗೆ ಬಂತು!

ಗೋಡೆಯಿಂದ ನೀರು ಚಿಮ್ಮಿತು. ನನ್ನ ಮುಖಕ್ಕೆ, ಒಲೆಗೆ, ಡಬ್ಬಿಗಳ ಸಾಲಿಗೆ. ತಮ್ಮ ಓಡಿ ಬಂದು ತೂತಿಗೆ ಅಂಗೈ ಒತ್ತಿದ. ಬೆರಳ ಸಂದಿಯಿಂದ ನಾಲ್ಕು ದಿಕ್ಕಿಗೆ ಹಾರಿತು.

"ಪ್ಲಂಬರ್‌ಗೆ ಫೋನ್ ಮಾಡು ಚಿಕ್ಕಕ್ಕ!"

"ಅವರು ಬರೋ ಹೊತ್ತಿಗೆ ನಾವು ತೇಲ್ತಿರ್ತೀವಿ! ಹಿಡ್ಕೊಂಡಿರು!"

ಪಕ್ಕದ ಕೋಣೆಯ ನೆಲದ ಮೇಲೆ ಒಂದು ಮದುವೆ ಮನೆಯವರ ಹನ್ನೊಂದು ಬ್ಲೌಸಿನ ಬಟ್ಟೆ ಕತ್ತರಿಸಿ ಹರಡಿದ್ದೆ. ನೀರು ಹೊಸಿಲ ಕಡೆಗೆ ಹರಿಯುತ್ತಿತ್ತು. ತಾರಸಿಗೆ ಓಡಿದೆ. ಟ್ಯಾಂಕಿನ ಹಿಂದೆ ನುಗ್ಗಿ ಹಸಿರು ತುಂಡು ಹುಡುಕಿದೆ.

ಹಸಿರು ಇರಲಿಲ್ಲ. ಕೆಂಪೂ ಇಲ್ಲ, ಹಳದಿಯೂ ಇಲ್ಲ. ಎಷ್ಟೋ ಬೇಸಿಗೆಯ ಬಿಸಿಲು ತಿಂದು ನಾಲ್ಕೂ ತುಂಡುಗಳು ಒಂದೇ ಬೂದಿ ಬಣ್ಣಕ್ಕೆ ತಿರುಗಿದ್ದವು. ಮತ್ತೆ ಮತ್ತೆ ಹತ್ತುತ್ತಿದ್ದ ಅಕ್ಕನಿಗೆ ಬಣ್ಣ ಬೇಕಿರಲಿಲ್ಲ. ನಾನು ಯಾವಾಗಲೂ ಕೆಳಗೆ ನಿಂತು ನಿಂತ್ತು, ನಿಂತ್ತು ಎಂದವಳು.

ನಾಲ್ಕನ್ನೂ ಮುಚ್ಚೋಣವೆಂದರೆ ಚಕ್ರಗಳು ತುಕ್ಕು ಹಿಡಿದಿದ್ದವು. ಮೊದಲನೆಯದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಮುಚ್ಚುವಷ್ಟರಲ್ಲಿ ಏದುಸಿರು ಬಂತು.

"ನಿಂತ್ತೇನೋ?"

"ಎಲ್ಲಿ ನಿಂತ್ತು! ಚಡ್ಡಿವರೆಗೂ ನೆಂದೋಯ್ತು!"

ಆಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಬಣ್ಣ ಹೋದರೆ ಹೋಗಲಿ, ಬಟ್ಟೆ ಹೋಗುತ್ತದೆಯೇ? ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದನ್ನೇ ಉಜ್ಜಿದೆ. ನಾನು ಮುಚ್ಚಿದ್ದು ಒರಟು ಹತ್ತಿ, ಹಾಲಿನಮ್ಮ. ಎರಡನೆಯದು ಜಾರುತ್ತದೆ, ಬೆವರು ಹೀರದ ಪಾಲಿಯೆಸ್ಟರ್, ಬ್ಯಾಂಕಿನಮ್ಮ. ಮೂರನೆಯದು ಮುಟ್ಟಿದೊಡನೆ ಮೈ ಜುಮ್ಮೆಂದಿತು. ಅಷ್ಟು ಬಿಸಿಲಿನಲ್ಲಿ ಸವೆದರೂ ರೇಷ್ಮೆ ರೇಷ್ಮೆಯೇ. ಟೀಚರಮ್ಮ ಮಗಳ ಮದುವೆಗೆಂದು ಹೊಲಿಸಿದ್ದು, ಬೆನ್ನಿನ ಕಡೆ ಕಿಟಕಿಯಂತೆ ಕತ್ತರಿಸಿ ಹೊಲಿದು ಕೊಟ್ಟಿದ್ದೆ!

ಚಕ್ರಕ್ಕೆ ಜೋತುಬಿದ್ದೆ. ಅದು ಕಿರ್ರೆಂದಿತು, ಅಲುಗಿತು, ತಿರುಗಿತು. ನಾಲಿಗೆ ಹಲ್ಲಿಗೆ ಸಿಕ್ಕಿ ನೋವಾದಾಗ ಗೊತ್ತಾಯಿತು, ನಾನೂ ತುದಿ ಕಚ್ಚಿಕೊಂಡಿದ್ದೆ.

"ಟೀಚರಮ್ಮನ್ನ ಮುಚ್ಚಿದೀನಿ ಕಣೋ! ನಿಂತ್ತಾ ನೋಡು!"

"ಯಾವ ಟೀಚರಮ್ಮ? ಏನ್ ಹೇಳ್ತಿದೀಯ?"

"ನಿಂತ್ತಾ ಹೇಳೋ ಮೊದ್ಲು!"

ಆಮೇಲೆ ಕೆಳಗಿನಿಂದ, ಬೇರೆಯದೇ ದನಿಯಲ್ಲಿ, "ನಿಂತ್ತು ಚಿಕ್ಕಕ್ಕ."

ತಾರಸಿಯ ಮೇಲೆ ಒಬ್ಬಳೇ ನಿಂತು ನಕ್ಕೆ. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ನೋಡಿದರು. ನೋಡಿಕೊಳ್ಳಲಿ ಎಂದು ಇನ್ನೊಮ್ಮೆ ನಕ್ಕೆ.

ನೀರು ಹೊಸಿಲಿನವರೆಗೆ ಬಂದು ನಿಂತಿತ್ತು. ಬ್ಲೌಸುಗಳಿಗೆ ಏನೂ ಆಗಿರಲಿಲ್ಲ. ತಮ್ಮ ಒದ್ದೆಯಾದ ಷರ್ಟು ಹಿಂಡುತ್ತಾ, ಮುರಿದದ್ದಕ್ಕೆ ಹೊಸ ನಲ್ಲಿ ತಂದು ಹಾಕುತ್ತೀಯಾ ಎಂದು ಕೇಳಿದ. ನಾನು ಟಾರ್ಚ್ ತಂದು ತೂತಿನೊಳಗೆ ನೋಡಿದೆ. ಈ ಸಲ ಬೆಳಕು ಸರಿಯಾದ ಜಾಗಕ್ಕೇ ಬಿತ್ತು. ನಲ್ಲಿಯ ತಿರುಪು ಮುರಿದು ಅರ್ಧ ಗೋಡೆಯೊಳಗೇ ಉಳಿದಿತ್ತು.

"ಇಲ್ಲ. ಈಗ ಪ್ಲಂಬರ್‌ಗೆ ಫೋನ್ ಮಾಡು. ಗೋಡೆ ಒಳಗಿರೋದು ಅವರ್ದು."

ಅವನು ನನ್ನನ್ನೇ ನೋಡಿದ. ಫೋನ್ ತೆಗೆದ. ಗಾಡಿಯವರಿಗೂ ಅವನೇ ಮಾಡಿ ಬರಬೇಡಿ ಎಂದ. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ.

ಪ್ಲಂಬರ್ ಮಧ್ಯಾಹ್ನದ ಹೊತ್ತಿಗೆ ಬಂದರು, ತಲೆ ಅರ್ಧ ನರೆತವರು. ಮುರಿದ ಚೂರನ್ನು ಅಲುಗಾಡಿಸದೆ ಬಿಟ್ಟಿದ್ದು ಒಳ್ಳೆಯದಾಯಿತು ಎಂದರು. ಎಷ್ಟೋ ಮನೆಯಲ್ಲಿ ಸ್ಕ್ರೂಡ್ರೈವರ್ ಹಾಕಿ ಕೆದಕಿ ಒಳಗಿನ ಪೈಪನ್ನೇ ಸೀಳಿ, ಆಮೇಲೆ ಗೋಡೆ ಒಡೆಸಿಕೊಳ್ಳುತ್ತಾರಂತೆ. ಅವರು ಚೂರನ್ನು ಹದವಾಗಿ ತಿರುಗಿಸಿ ಹೊರತೆಗೆದರು. ಹೊಸ ನಲ್ಲಿಗೆ ಟೇಪು ಸುತ್ತುವಾಗ ನಾನು ದಿಕ್ಕು ನೋಡಿದೆ. ಸರಿಯಾಗಿತ್ತು.

ನೀರು ಬಿಡಲು ಇಬ್ಬರೂ ತಾರಸಿಗೆ ಹೋದೆವು. ಅವರು ತುಂಡುಗಳನ್ನು ನೋಡಿ, "ಯಾರಮ್ಮ ಇದ್ನ ಕಟ್ಟಿರೋದು? ಐಡಿಯಾ ಚೆನ್ನಾಗೈತೆ," ಎಂದರು. ಮೂರರ ಕಥೆ ಹೇಳಿದೆ. ನಗುತ್ತಾ ನಾಲ್ಕನೆಯದನ್ನು ತೋರಿಸಿ, "ಇವರ್ಯಾರು?" ಎಂದರು.

ಆ ತುಂಡನ್ನು ಆಗಲೇ ಮೊದಲ ಸಲ ಬೆರಳಲ್ಲಿ ಹಿಡಿದೆ. ದಪ್ಪ, ಒತ್ತು ನೇಯ್ಗೆ. ಕಾರ್ಖಾನೆಯವರು ಕೊಡುತ್ತಿದ್ದ ಯೂನಿಫಾರಂ ಬಟ್ಟೆ, ವರ್ಷಕ್ಕೆ ಎರಡು ಜೊತೆ ನಾನೇ ಹೊಲಿಯುತ್ತಿದ್ದೆ. ಅದು ಅಕ್ಕ. ಆ ಹೆಸರನ್ನು ಅವಳು ಒಂದು ದಿನವೂ ಮೇಲಿನಿಂದ ಕೂಗಿರಲಿಲ್ಲ.

ಪ್ಲಂಬರ್ ಉಳಿದ ಮೂರನ್ನೂ ತೆರೆದು ಅದೊಂದನ್ನು ಮಾತ್ರ ಪೂರ್ತಿ ಮುಚ್ಚಿದರು. ಕೆಳಗೆ ತಮ್ಮ ಒಂದೊಂದೇ ನಲ್ಲಿ ತಿರುಗಿಸಿ ನೋಡಿದ. ಅಡುಗೆಮನೆ, ಬಚ್ಚಲು, ಕಕ್ಕಸು, ಬೇಸಿನ್, ಹಿತ್ತಲು. ಎಲ್ಲದರಲ್ಲೂ ನೀರು ಬಂತು. ಅದನ್ನು ತೆರೆದರೂ ಅಷ್ಟೇ.

"ಯಾವ್ದೋ ಹಳೇ ಲೈನ್ ಇರ್ಬೇಕು ಕಣಮ್ಮ. ಸುಮ್ನೆ ಯಾಕೆ, ತೆಗ್ದಾಕ್ಬುಡ್ಲಾ?"

"ಬೇಡ, ಬುಡಿ," ಎಂದೆ.

ಆಯುಧಪೂಜೆಗೆ ಮಿಷನ್ನನ್ನು ಅದರ ಜಾಗದಲ್ಲೇ, ಕಿಟಕಿಯ ಪಕ್ಕದಲ್ಲೇ ಇಟ್ಟು ಹೂ ಮುಡಿಸಿದೆ. ಅಕ್ಕನ ಪಾನಾಕ್ಕೂ ಕುಂಕುಮ ಇಟ್ಟೆ. ಮೂರು ವಾಲ್ವುಗಳಿಗೆ ಹೊಸ ಬಟ್ಟೆ ಕಟ್ಟಿದ್ದೇನೆ. ನಾಲ್ಕನೆಯದಕ್ಕೆ ಹಳೆಯದೇ ಇದೆ. ಅದು ಯಾವುದರ ವಾಲ್ವು ಎಂದು ಅಕ್ಕನಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ.