ಪೇಟಿ ಭೀಮೇಶನ ಬಾಜೂ ಕುರ್ಚಿ

ನಮ್ಮ ಕಡೆ ಕಲಾವಿದನಿಗೆ ಸನ್ಮಾನವೆಂದರೆ ವೇದಿಕೆಯ ಮೇಲೆ ಎರಡು ಕುರ್ಚಿ ಹಾಕುತ್ತಾರೆ. ಒಂದರಲ್ಲಿ ಅವನು, ಬಾಜೂಕ್ಕೆ ಹೆಂಡತಿ. ಅವನಿಗೆ ಶಾಲು, ಹಾರ. ಅವಳಿಗೆ ಕುಂಕುಮ, ಮಡಿಲಿಗೆ ಕಾಯಿ-ಅಕ್ಕಿಯ ಉಡಿ. ಗಂಡನ ಸಂಗೀತವನ್ನು ಬೈಯುತ್ತಲೇ ಜನ್ಮವಿಡೀ ರೊಟ್ಟಿ ಬಡಿದವಳಿಗೂ ಅವತ್ತು ಒಂದಿಷ್ಟು ಚಪ್ಪಾಳೆ ಸಿಗುತ್ತದೆ, ಒಳ್ಳೆಯ ಪದ್ಧತಿಯೇ. ಹೆಂಡತಿ ಇಲ್ಲದವರು ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಳ್ಳಬೇಕು. ಕುರ್ಚಿ ಖಾಲಿ ಬಿಡುವಂತಿಲ್ಲ. ಮೊರಬದ ಪೇಟಿ ಭೀಮೇಶನ ನಿದ್ದೆ ಕೆಡಿಸಿದ್ದು ಈ ಕುರ್ಚಿ.

ಪೇಟಿ ಅಂದರೆ ಹಾರ್ಮೋನಿಯಂ. ಕುಂದಗೋಳವಿರಲಿ, ನವಲಗುಂದವಿರಲಿ, ಎಲ್ಲಿ ಗಾಯನವಿದ್ದರೂ ಸಾಥಿಗೆ ಭೀಮೇಶನೇ ಬೇಕು. ಸಾಥ್ ಕೊಡುವವನು, ಅಂದರೆ ಪಕ್ಕವಾದ್ಯದವನು, ಹಾಡುವವರ ಹಿಂದೆ ಒಂದು ಹೆಜ್ಜೆ ತಡೆದು ನಡೆಯಬೇಕು. ಮುಂದೆ ಓಡಿದರೆ ಸಭೆಯಲ್ಲೇ ಮುಖಕ್ಕೆ ಮಂಗಳಾರತಿ. ನಲವತ್ತೈದು ದಾಟುವವರೆಗೂ ಭೀಮೇಶ ಪೇಟಿಯಲ್ಲೂ ಬದುಕಿನಲ್ಲೂ ಹೀಗೇ ಹಿಂದೆ ಹಿಂದೆ ನಡೆದ. ಅಂಥವನಿಗೆ ಅಣ್ಣಿಗೇರಿಯ ಸಂಗೀತ ಸಭೆಯವರು ಮೊದಲ ಸಲ ಒಬ್ಬನೇ ನುಡಿಸಲು ಹೇಳಿದರು. ಅದಕ್ಕೂ ಮೊದಲು ಸನ್ಮಾನ.

ಭೀಮೇಶನಿಗೆ ಹೆಂಡತಿಯಿಲ್ಲ. ಜಾಕೀರ್ ಇದ್ದಾನೆ. ಯಮನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಎಲ್ಲಿ ಕಛೇರಿಯಿದ್ದರೂ ಪೇಟಿ ಹೊತ್ತು ತರುತ್ತಾನೆ. ಎಷ್ಟೋ ವರ್ಷದಿಂದ ಇಬ್ಬರದೂ ಒಂದೇ ಜೀವ, ಒಂದೇ ಹಾಸಿಗೆ. ಮೊದಲನೆಯದು ಊರಿಗೆಲ್ಲ ಗೊತ್ತು. ಎರಡನೆಯದು ಅವರಿಬ್ಬರಿಗೇ ಗೊತ್ತು.

"ಬಾಜೂಕ ನೀನ ಕುಂದರತಿಯೇನು?" ಎಂದು ಭೀಮೇಶ ಗ್ಯಾರೇಜಿನಲ್ಲಿ ಕೇಳಿದ.

"ನನಗೂ ಉಡಿ ತುಂಬತಾರೇನಲೇ?" ಜಾಕೀರ್ ನಕ್ಕ. ಆಮೇಲೆ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, "ಮಂದಿಗೆ ತಿಳಿದ್ರ?" ಅಂದ.

"ತಿಳೀಲಿ ಅಂತನ."

"ಖರೇನು?"

ಭೀಮೇಶನಿಗೆ ಗೊತ್ತಾಗದೆ ಇದ್ದದ್ದು ಅದೇ. ತಿಳಿದರೆ ಜಾಕೀರನ ಗ್ಯಾರೇಜಿಗೆ ಯಾರೂ ಕಾಲಿಡಲಿಕ್ಕಿಲ್ಲ ಎಂಬ ಹೆದರಿಕೆ. ತಿಳಿಯದಿದ್ದರೆ, ಇಷ್ಟು ವರ್ಷ ಪೇಟಿ ಹೊತ್ತವನು ಹಮಾಲನಾಗಿಯೇ ಉಳಿದನಲ್ಲ ಎಂಬ ಸಂಕಟ. ಅತ್ತ ದರಿ, ಇತ್ತ ಪುಲಿ. ಇಷ್ಟರಲ್ಲಿ ಅಕ್ಕ ರೇಣುಕವ್ವ, ಕೂರುವವಳು ತಾನೇ ಎಂದು ಹೊಸ ಇಳಕಲ್ ಸೀರೆಯನ್ನೂ ತಂದುಬಿಟ್ಟಿದ್ದಳು. ಇವನು ಅವಳಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಇಂಥ ಗಂಡಸರನ್ನು ಕಂಡರೆ ಮೈ ಉರಿಯುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಸಭೆಯ ದಿನ ಸಂಜೆ ಅಧ್ಯಕ್ಷ ಅಂದಾನೆಪ್ಪ ಮೈಕಿನಲ್ಲಿ, "ಭೀಮೇಶ ಮಾಸ್ತರು ಅಕ್ಕಾರ ಜೋಡಿ ಬಂದು ಕುಂದರಬೇಕ್ರಿ" ಎಂದು ಕರೆದ. ಮುಂದಿನ ಸಾಲಿನಲ್ಲಿ ರೇಣುಕವ್ವ ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದಳು. ಅಷ್ಟರಲ್ಲಿ ಭೀಮೇಶ, "ಜಾಕೀರ್, ಬಾ ಇಲ್ಲೆ" ಅಂದುಬಿಟ್ಟ. ಬಾಯಿಂದ ಅದು ಹೇಗೆ ಬಂತೆಂದು ಅವನಿಗೇ ತಿಳಿಯಲಿಲ್ಲ.

ಜಾಕೀರ್ ಬಂದು ಕುರ್ಚಿಯ ತುದಿಯಲ್ಲಿ ಕುಳಿತ. ಉಡಿ ತುಂಬಲು ತಟ್ಟೆ ಹಿಡಿದಿದ್ದ ಸಭೆಯವರ ಹುಡುಗಿ ಗಂಗಾ ಎತ್ತ ಹೋಗಬೇಕೆಂದು ತಿಳಿಯದೆ ನಿಂತಳು. ಆದರೆ ಅಂದಾನೆಪ್ಪ ಭಾಷಣದಲ್ಲಿ ಪಳಗಿದ ಹುಲಿ. "ನೋಡ್ರಿ, ಭಾವೈಕ್ಯ ಅಂದ್ರ ಇದು! ಇದು ನಮ್ಮ ಮಣ್ಣಿನ ಗುಣ!" ಎಂದು ಕೂಗಿದ. ಪೆಂಡಾಲು ಚಪ್ಪಾಳೆ ತಟ್ಟಿತು.

ಭಾವೈಕ್ಯ ಕೆಟ್ಟದ್ದೆಂದು ಯಾರು ಹೇಳಿದರು? ಆದರೆ ಭೀಮೇಶ ಕರೆದದ್ದು ಅದಕ್ಕಲ್ಲ. ಅವನು ಎದ್ದು ಮೈಕು ತೆಗೆದುಕೊಂಡ.

"ಭಾವೈಕ್ಯ ಅಲ್ರಿ. ನಿಮಗ ನಿಮ್ಮ ಹೆಂಡತಿ ಹೆಂಗೋ, ನನಗ ಜಾಕೀರ್ ಹಂಗ. ಅದಕ್ಕ ಇಲ್ಲೆ ಕುಂದರ್ಸೀನಿ."

ಜಾಕೀರ್ ತಲೆ ತಗ್ಗಿಸಿದ. ಅಷ್ಟರಲ್ಲಿ ಅಂದಾನೆಪ್ಪ, "ವಾಹ್! ದೋಸ್ತಿ ಅಂದ್ರ ಹಿಂಗಿರಬೇಕ್ರಿ!" ಎಂದ. ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಕೆಲವರು ಕಣ್ಣು ಒರೆಸಿಕೊಂಡರು. ಇವನು ಹೇಳಿದ ಖರೇ ಮಾತಿಗೆ ಊರು ಶಾಲು ಹೊದಿಸಿ ಹಾರ ಹಾಕಿ ಕೂರಿಸಿಬಿಟ್ಟಿತು. ಬಚಾವಾದೆನೋ, ಮುಳುಗಿದೆನೋ ಭೀಮೇಶನಿಗೆ ಬಗೆಹರಿಯಲಿಲ್ಲ. ಮುಂದಿನ ಸಾಲಿನಲ್ಲಿ ರೇಣುಕವ್ವ ಒಬ್ಬಳೇ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಅವನು ಮಾರವಾ ನುಡಿಸಿದ. ಷಡ್ಜದ ಮೇಲೆ ನೆಮ್ಮದಿಯಾಗಿ ನಿಲ್ಲಗೊಡದ, ಸುತ್ತಿ ಸುತ್ತಿ ಅಲೆಸುವ ರಾಗ ಅದು. ಹಿಂದೆ ನಡೆಯೋಣವೆಂದರೆ ಮುಂದೆ ಯಾರೂ ಇರಲಿಲ್ಲ. ಬೆರಳು ಹೋದ ಕಡೆ ಹೋದ. ಜನ ಕ್ಯಾ ಬಾತ್ ಅಂದರು. ಅವನ ಕಣ್ಣು ಮಾತ್ರ ಅಕ್ಕನ ಮುಖವನ್ನು ಬಿಡಲಿಲ್ಲ.

ಮುಗಿದ ಮೇಲೆ ರೇಣುಕವ್ವ ಪೆಂಡಾಲಿನ ಹಿಂದೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕುಳಿತಿದ್ದಳು. ಭೀಮೇಶ ಹೋಗಿ ಎದುರು ನಿಂತ. ಜಾಕೀರ್ ಪೇಟಿ ಹಿಡಿದು ದೂರದಲ್ಲೇ ಉಳಿದ.

"ನಾ ತೋರಿಸಿದ ಕನ್ಯಾಕ್ಕೆಲ್ಲ ಒಂದೊಂದು ಕುಂದು ಹೇಳಿದಿ," ಅಂದಳು. "ಇವತ್ತ ಅಷ್ಟು ಮಂದ್ಯಾಗ ನಾ ಏಳಾಕ ಹತ್ತಿದ್ದೆ, ನನ್ನ ಬಿಟ್ಟು ಅವನ್ನ ಕರದಿ."

"ಅಕ್ಕಾ, ನಾ ಹೇಳಿದ್ದು…"

"ಅವರಿಗೆ ಕೇಳಿಸಲಿಲ್ಲ. ನನಗ ಕೇಳಿಸ್ತು."

"ಸಿಟ್ಟು ಬಂದೈತೇನಕ್ಕಾ?"

ರೇಣುಕವ್ವ ದೂರ ನಿಂತ ಜಾಕೀರನನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಬಂದೈತಿ. ನಿನ್ನ ಮ್ಯಾಲೋ, ಚಪ್ಪಾಳಿ ಹೊಡದವರ ಮ್ಯಾಲೋ, ತಿಳೀವಲ್ದು."