ಗೂಡಿನಲ್ಲಿಟ್ಟ ಕೂದಲು

ಯುದ್ಧದ ವರ್ಷಗಳಲ್ಲಿ, ಚನ್ನಗಿರಿಯಲ್ಲಿ ಚಳಿಗಾಲ ಬಂತೆಂದರೆ ನನ್ನ ಕೂದಲು ಬಾಚಣಿಗೆ ತುಂಬ ಉದುರುತ್ತಿತ್ತು. "ಶಿವರಾತ್ರಿ ಕಳೆದ್ರೆ ನಿಲ್ತೈತೆ ಬಿಡು" ಎನ್ನುತ್ತ ಅವ್ವ ಪ್ರತಿ ಶುಕ್ರವಾರ ಗರುಗದ ಸೊಪ್ಪು ಕುದಿಸಿದ ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆ ಕಣ್ಣಿಗಿಳಿದರೂ ನಾನು ಅಲುಗದೆ ಕೂರುತ್ತಿದ್ದೆ. ಉದುರಿದ ಕೂದಲನ್ನು ಸುತ್ತಿ ಗೋಡೆಯ ಗೂಡಿನಲ್ಲಿಡುತ್ತ, "ಇದ್ರಾಗೆ ನಿನಗೇ ಜಡೆಗೆ ಸೇರ್ಸಿ ಹೆಣೆಯಾಕೆ ಚೌರಿ ಕಟ್ಟಿಸ್ತೀನಿ" ಎನ್ನುತ್ತಿದ್ದಳು.

ಬಸವಾಪಟ್ಟಣದವರು ಅಕ್ಕನನ್ನು ನೋಡಲು ಬಂದ ದಿನ ಗೂಡು ಖಾಲಿಯಾಗಿತ್ತು. ಅಕ್ಕನ ಜಡೆ ಸೊಂಟ ದಾಟಿತ್ತು. ಅದರಲ್ಲಿ ಅರ್ಧ ನನ್ನದು. ಗಂಡಿನ ತಾಯಿ ಅದನ್ನು ಸವರಿ ಮೆಚ್ಚಿಕೊಂಡರು. ನೀರು ತಂದ ನನ್ನ ಇಲಿಬಾಲದಂಥ ಜಡೆ ಕಂಡು, "ಈ ಹುಡುಗೀದ್ಯಾಕೆ ಹಿಂಗೆ?" ಎಂದರು.

ಅವ್ವ ನನ್ನ ಮುಖ ನೋಡಲಿಲ್ಲ.

"ಏನ್ ಮಾಡಾದು ಹೇಳ್ರಿ, ಎಣ್ಣೆ ಹಚ್ಚಾಕೆ ಕರೆದ್ರೆ ಓಡಿಹೋಗ್ತಾಳೆ."