ತುಟ್ಟಿ ಬಿಸಿಲು

ಧಾರವಾಡದ ಮಳೆಗಾಲವನ್ನು ಹಾಡಿ ಹೊಗಳಿದವರ ಮನೆಯಲ್ಲಿ ಅರಿವೆ ಒಣಗಿಸುವ ಕೆಲಸವನ್ನು ಬೇರೆ ಯಾರೋ ಮಾಡುತ್ತಿದ್ದರು ಎಂಬುದು ನನ್ನ ಬಲವಾದ ಅನುಮಾನ. ಜಿಟಿಜಿಟಿ ಮಳೆ ಕಿಟಕಿಯಿಂದ ನೋಡುವುದಕ್ಕೆ ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಟವೆಲನ್ನು ಹಗ್ಗದ ಮೇಲಿಂದ ತೆಗೆದು ಫ್ಯಾನಿನ ಕೆಳಗೆ ಹರವಿ, ಅಲ್ಲಿಂದ ತೆಗೆದು ಇಸ್ತ್ರಿ ಹೊಡೆದು, ಆಮೇಲೂ ಮೂಸಿ ನೋಡಿ ಮುಖ ಸಿಂಡರಿಸುವವಳಿಗೆ ಅದರಲ್ಲಿ ಕಾವ್ಯ ಕಾಣುವುದಿಲ್ಲ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವಳು. ನೈಋತ್ಯ ಮಾರುತಗಳು ಅರಬ್ಬಿ ಸಮುದ್ರದಿಂದ ಹೊರಟು ಘಟ್ಟ ಹತ್ತಿ ಇಳಿಯುವುದನ್ನು ಬೋರ್ಡಿನ ಮೇಲೆ ಬಾಣ ಬರೆದು ತೋರಿಸುತ್ತಿದ್ದೆ. ಆ ಬಾಣ ನೇರವಾಗಿ ಬಂದು ನಮ್ಮ ಮನೆಯವರ ಎದೆಗೆ ನಾಟುತ್ತದೆ ಎಂದು ಪಠ್ಯಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ನಮ್ಮ ಮನೆಯವರಿಗೆ ದಮ್ಮು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದಷ್ಟು ದಿನ ಅದು ಹದ್ದುಬಸ್ತಿನಲ್ಲಿತ್ತು. ನಿವೃತ್ತಿಯಾದದ್ದೇ ತಡ, ತನಗೂ ರಜೆ ಸಿಕ್ಕಂತೆ ಮನೆಯಲ್ಲೇ ಕಾಲು ಚಾಚಿತು. ಜೂನಿನಲ್ಲಿ ಮಿರಗದ ಮಳೆ ಹಿಡಿದರೆ ಎದೆಯೊಳಗೆ ಸಣ್ಣದೊಂದು ಸೀಟಿ ಶುರುವಾಗುತ್ತದೆ. ಶ್ರಾವಣ ಬರುವಷ್ಟರಲ್ಲಿ ಮೂಲೆಯ ಅಂಗಡಿಯಿಂದ ಹಾಲು ತರುವುದೇ ಒಂದು ಯಾತ್ರೆ. ನಡುದಾರಿಯಲ್ಲಿ ಯಾರದೋ ಕಾಂಪೌಂಡು ಹಿಡಿದು ನಿಲ್ಲಬೇಕು. ನಿಂತದ್ದು ಜನರಿಗೆ ಗೊತ್ತಾಗಬಾರದೆಂದು ಆ ಮನೆಯವರ ದಾಸವಾಳದ ಗಿಡ ನೋಡುವವರ ಹಾಗೆ ನಟಿಸುತ್ತಾರೆ. “ಸಾಹೇಬ್ರಿಗೆ ಹೂವಿನ ಹುಚ್ಚು ಭಾಳ ಐತಿ ನೋಡ್ರಿ” ಎಂದು ಆ ಮನೆಯಾಕೆ ಒಂದು ದಿನ ನನ್ನ ಕೈಗೆ ಸಸಿಯನ್ನೇ ಕೊಟ್ಟಳು. ತಂದು ಹಚ್ಚಿದೆ, ಮತ್ತೇನು ಮಾಡಲಿ?

ಡಾಕ್ಟರು ಒಣ ಹವೆ ಇರುವ ಕಡೆ ಇರಿ ಎಂದರು. ಹುಬ್ಬಳ್ಳಿಯಲ್ಲಿರುವ ಮಗಳು ಗೌರಿ, “ಇಲ್ಲೆ ಬರ್ರಿ ಅವ್ವಾ, ನಮ್ಮಲ್ಲಿ ಮಳಿ ಕಡಿಮಿ” ಎಂದಳು. ಖರೆ, ಮಳೆ ಕಡಿಮೆ. ಆದರೆ ಅಲ್ಲಿ ಆ ಜಾಗವನ್ನು ಧೂಳು ತುಂಬಿಕೊಂಡಿದೆ. ಎರಡೂ ಊರಿನ ಹೆಸರುಗಳನ್ನು ನಡುವೆ ಒಂದು ಗೆರೆ ಎಳೆದು ಕೂಡಿಸಿದ್ದಾರೆಯೇ ಹೊರತು ಹವೆಯನ್ನು ಕೂಡಿಸಲು ಯಾರಿಂದಲೂ ಆಗಿಲ್ಲ. ರಾಯಚೂರಿನಲ್ಲಿರುವ ನನ್ನ ನಾದಿನಿಯ ಮನೆಗೂ ಹೋಗಿ ಬಂದೆವು. ಬಿಸಿಲು ಬೇಕಾದಷ್ಟಿತ್ತು, ಅದರ ಬೆನ್ನಿಗೆ ಅಲ್ಲಿಯೂ ಧೂಳೇ. ಧೂಳಿಲ್ಲದ ಬಿಸಿಲು ಬೇಕೆಂದರೆ ಇವರಿಗೆ ಒಗ್ಗುವುದು ಸಮುದ್ರದ ಗಾಳಿ. ಆದರೆ ನಮ್ಮ ಸಮುದ್ರದಂಡೆಯ ಮಳೆಯ ಮುಂದೆ ಧಾರವಾಡದ್ದು ಬರೀ ಸೀನು.

ಆಗ ಸುಮ್ಮನಿರಬಾರದಿತ್ತೆ ನಾನು? ಪಾಠ ಮಾಡುವ ಚಟ, ಬಾಯಿ ಬಿಟ್ಟೆ. “ಮಿರಗದಾಗ ಮಳಿ ಇಲ್ಲದ ಸಮುದ್ರದಂಡಿ ಬೇಕಂದ್ರ ಭೂಮಧ್ಯರೇಖೆ ದಾಟಿ ಹೋಗಬೇಕ್ರಿ. ನಮ್ಮ ಕಡೆ ಮಳಿಗಾಲ ಇದ್ದಾಗ ಬಾಲಿ ದ್ವೀಪದಾಗ ಒಣ ಬಿಸಿಲು.” ಇಷ್ಟು ವರ್ಷಗಳ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಯೂ ನನ್ನ ಪಾಠವನ್ನು ಇಷ್ಟು ಮನಸ್ಸಿಟ್ಟು ಕೇಳಿರಲಿಲ್ಲ. ಇವರು ಅಂದು ಸಂಜೆಯೇ ಮೊಬೈಲು ಹಿಡಿದು ಕುಳಿತರು.

ನೀವು ನೋಡಿದ್ದೀರೋ ಇಲ್ಲವೋ, ಆ ಮೊಬೈಲಿನಲ್ಲಿ ಒಂದು ದೊಡ್ಡ ಜಗತ್ತೇ ಇದೆ. ಚಳಿ ದೇಶಗಳ ನಿವೃತ್ತ ಗಂಡ ಹೆಂಡಿರು ಬಿಸಿಲಿನ ದೇಶಗಳಿಗೆ ಹೋಗಿ ಛತ್ರಿಯ ಕೆಳಗೆ ಕುಳಿತು, ಇಲ್ಲಿ ಮನೆ ಬಾಡಿಗೆ ಇಷ್ಟು, ಮೀನು ಇಷ್ಟು, ಕ್ಷೌರ ಇಷ್ಟು ಎಂದು ಜಗತ್ತಿಗೆಲ್ಲ ಸಾರುತ್ತಾರೆ. ಇವರು ಅದನ್ನು ಹರಿಕಥೆ ಕೇಳಿದ ಹಾಗೆ ಕೇಳಿ ಕೊನೆಗೆ ನನ್ನ ಕಡೆ ತಿರುಗಿ, “ನೋಡು, ಬಾಲಿಯಾಗ ಜೀವನ ಭಾಳ ಸೋವಿ ಐತಂತ” ಎನ್ನುವರು.

ತುಟ್ಟಿ, ಸೋವಿ ಇವೆರಡೂ ನಮ್ಮ ಕಡೆಯ ಮಾತುಗಳು. ಬೆಂಗಳೂರಿನವರು ಅಗ್ಗ ಎನ್ನುವುದಕ್ಕೆ ನಾವು ಸೋವಿ ಎಂದರೆ ಅವರು ಮಿಕಿಮಿಕಿ ನೋಡುತ್ತಾರೆ. ಆದರೆ ತುಟ್ಟಿ ಮಾತ್ರ ನಮ್ಮನ್ನು ಬಿಟ್ಟು ವಿಧಾನಸೌಧದ ತನಕ ಹೋಗಿ ತುಟ್ಟಿಭತ್ಯೆಯಾಗಿ ಕುಳಿತಿದೆ. ಪಿಂಚಣಿದಾರರು ಕೂಡಿದ ಕಡೆ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿಬರುವ ಶಬ್ದ ಅದೇ. ಸೋವಿಭತ್ಯೆ ಎಂಬುದನ್ನು ಮಾತ್ರ ಯಾವ ಸರಕಾರವೂ ಕೊಟ್ಟದ್ದಿಲ್ಲ. ನಾನು ಇವರಿಗೆ ಹೇಳಿದ್ದು ಇಷ್ಟೇ: “ಅವರ ಸೋವಿ ಬ್ಯಾರೆ, ನಮ್ಮ ಸೋವಿ ಬ್ಯಾರೆ. ಲಂಡನ್ನಿನಾಗ ಬಾಡಿಗಿ ಕಟ್ಟಿದವರಿಗೆ ಅದು ಸೋವಿ. ಧಾರವಾಡದಾಗ ಸ್ವಂತ ಮನಿ ಇದ್ದವರಿಗೆ ಹ್ಯಾಂಗ ಸೋವಿ ಆಕ್ಕೈತ್ರಿ?” ಕ್ಯಾಷಿಯರರು ಕನ್ನಡಕ ಏರಿಸಿ ಮತ್ತೆ ಲೆಕ್ಕಕ್ಕೆ ಕುಳಿತರು. ಲೆಕ್ಕ ನನ್ನ ಕಡೆಗೇ ಬಂತು. ವಿಮಾನ, ವೀಸಾ, ಬಾಡಿಗೆ ಎಲ್ಲ ಹಿಡಿದರೆ ನಮ್ಮ ಪಿಂಚಣಿಗಳೆರಡೂ ಬಾಲಿಯಲ್ಲಿ ಉಸಿರು ಬಿಗಿಹಿಡಿದು ನಡೆಯಬೇಕು.

ಪಕ್ಕದ ಮನೆಯ ದಸ್ತಗೀರ್‌ಸಾಬರು ಟೇಲರು, ಅಳತೆ ಮೀರಿ ಮಾತಾಡುವವರಲ್ಲ. ಅವರೂ ಹೊಲಿಗೆ ಯಂತ್ರ ನಿಲ್ಲಿಸಿ, “ರೊಕ್ಕಾ ಕೊಟ್ಟು ಬಿಸಲಿಗೆ ಹೋಗೋದೇನ್ರಿ ಸಾಹೇಬ್ರ? ಮೇ ತಿಂಗಳದಾಗ ನಮ್ಮ ತಗಡಿನ ಪತ್ರಾಸಿನ ಕೆಳಗ ಬಂದು ಕುಂದರ್ರಿ, ಪುಕ್ಕಟ” ಎಂದರು.

ಹಾಗೆ ನೋಡಿದರೆ ಮುಪ್ಪಿನಲ್ಲಿ ಊರು ಬಿಡುವುದು ನಮಗೆ ಹೊಸದಲ್ಲ. ವಾನಪ್ರಸ್ಥವೆಂದು ನಮ್ಮ ಹಿರಿಯರು ಹೊರಟಿದ್ದು ಮತ್ತೇನು? ಅಲ್ಲಿ ಬಾಡಿಗೆಯಿಲ್ಲ, ಕಂದಮೂಲಕ್ಕೆ ಕಾಸಿಲ್ಲ, ನಾರುಡೆಗೆ ಇಸ್ತ್ರಿಯೂ ಬೇಡ. ಜೀವನವೆಚ್ಚವನ್ನು ಅವರಷ್ಟು ಇಳಿಸಿದವರು ಯಾರೂ ಇಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಬಹುದೆಂದು ಶಾಸ್ತ್ರ ಹೇಳುತ್ತದೆಯಂತೆ. ಆಕೆಗೆ ಬರುವ ಮನಸ್ಸಿದೆಯೋ ಇಲ್ಲವೋ ಕೇಳಬೇಕೆಂದು ಅದೇ ಶಾಸ್ತ್ರ ಹೇಳಿದ್ದು ನನಗೆ ನೆನಪಿಲ್ಲ. ಇದನ್ನು ನಾನು ಊಟಕ್ಕೆ ಬಡಿಸುತ್ತ ಹೇಳಿದಾಗ ಇವರು ತುತ್ತು ಕೆಳಗಿಟ್ಟರು.

“ಸಾಯಾಕ ಕಾಶಿಗೆ ಹೋಗ್ತಾರ” ಎಂದರು. “ಉಸಿರಾಡಾಕ ಬಾಲಿಗೆ ಹೋಗಬೇಕು ಅಂದ್ರ ತಪ್ಪೇನು?”

ನನಗೆ ಧಾರವಾಡ ಬಿಡಲು ಸುತರಾಂ ಮನಸ್ಸಿರಲಿಲ್ಲ. ಈ ಊರಿನಲ್ಲಿ ನಾನು ಮನೆಯಿಂದ ಪೋಸ್ಟಾಫೀಸಿಗೆ ಹೋಗಿ ಬರುವುದರಲ್ಲಿ ಕಡಿಮೆಯೆಂದರೂ ನಾಲ್ಕಾರು ಜನ ಹಳೆಯ ವಿದ್ಯಾರ್ಥಿಗಳು “ಬಾಯಾರ, ಆರಾಮ್ರಿ?” ಎಂದು ಸ್ಕೂಟರು ನಿಲ್ಲಿಸುತ್ತಾರೆ; ನಮ್ಮ ಕಡೆ ಟೀಚರಮ್ಮನೆಂದರೆ ಬಾಯಾರು. ಅಲ್ಲಿ ಯಾರು ನಿಲ್ಲಿಸಬೇಕು? ಆದರೆ ಇವರ ಎದೆಯ ಸೀಟಿಯನ್ನು ದಿನವೂ ಕೇಳುವವಳು ಇದನ್ನು ಹೇಗೆ ವಾದಿಸಲಿ? ಕೊನೆಗೆ ಒಂದು ಕರಾರಿಗೆ ಬಂದೆವು. ಶ್ರಾವಣದ ಒಂದು ತಿಂಗಳು ಇದ್ದು ನೋಡುವುದು. ನನಗೆ ಆ ಊರು ಒಗ್ಗಿ ಜೀವ ಹತ್ತಿದರೆ ವರ್ಷವರ್ಷವೂ ಮಿರಗದಿಂದ ದೀಪಾವಳಿಯ ತನಕ ಅಲ್ಲೇ ಮನೆ ಮಾಡುವುದು. ಹತ್ತದಿದ್ದರೆ ತಿರುಗಿ ಬರುವುದು, ಇವರು ಮತ್ತೆ ಆ ಮಾತು ತೆಗೆಯಕೂಡದು. ಕರಾರಿನಲ್ಲಿ ಪೂರ್ತಿ ನನ್ನ ಅನುಕೂಲವೇ ಇದ್ದುದನ್ನು ಇವರು ಗಮನಿಸಿದರೋ ಇಲ್ಲವೋ, ಒಪ್ಪಿಕೊಂಡರು.

ಬಾಲಿಗೆ ಇಳಿದ ಕೂಡಲೇ ನಾವು ಲಕ್ಷಾಧೀಶರಾದೆವು. ಅಲ್ಲಿನ ನಾಣ್ಯಕ್ಕೂ ರುಪಿಯಾ ಎಂದೇ ಹೆಸರು. ಆದರೆ ಸೊನ್ನೆಗಳನ್ನು ಕೈಬಿಚ್ಚಿ ಹಾಕಿದ್ದಾರೆ. ಒಂದು ಚಹಾಕ್ಕೆ ಸಾವಿರಗಟ್ಟಲೆ. ಜೀವಮಾನವಿಡೀ ಪರರ ನೋಟು ಎಣಿಸಿದ ಇವರು ಮೊದಲ ದಿನ ಸ್ವಂತದ ಲಕ್ಷಗಳನ್ನು ಜೇಬಿಗಿಟ್ಟುಕೊಂಡು ಎದೆಯ ಮೇಲೆ ಕೈ ಇಟ್ಟೇ ನಡೆದರು. ಪ್ರತಿಯೊಂದು ಬೆಲೆಯನ್ನೂ ಧಾರವಾಡದ ರೂಪಾಯಿಗೆ ಇಳಿಸಿ, “ಟೊಮ್ಯಾಟೊ ತುಟ್ಟಿ, ಬಾಳಿಹಣ್ಣು ಸೋವಿ” ಎಂದು ತೀರ್ಪು ಕೊಡದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ಬಿಸಿಲು ಮಾತ್ರ ಚಿನ್ನದಂಥದ್ದು. ಟವೆಲು ಹರವಿ ಒಳಗೆ ಹೋಗಿ ಬರುವಷ್ಟರಲ್ಲಿ ಹಪ್ಪಳದಂತೆ ಒಣಗಿರುತ್ತಿತ್ತು. ಅದನ್ನು ಮಡಚುವಾಗ ನನಗೆ ಸಂತೋಷವಾಗುತ್ತಿತ್ತು, ಆದರೆ ತೋರಿಸಿಕೊಳ್ಳಲಿಲ್ಲ. ಇವರ ಎದೆಯ ಸೀಟಿ ಎರಡನೆಯ ವಾರಕ್ಕೆ ನಿಂತಿತ್ತು. ಅದನ್ನೂ ನಾನು ಬಾಯಿಬಿಟ್ಟು ಹೇಳಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದ ಒಳ್ಳೆಯ ಅಂಶವನ್ನು ಯಾರಾದರೂ ಎತ್ತಿ ಆಡುತ್ತಾರೆಯೇ? ನಾನು ಜೋಳದ ಹಿಟ್ಟು ಸಿಗುವುದಿಲ್ಲ, ಮಾತಾಡಲು ಜನವಿಲ್ಲ ಎಂದು ನನ್ನ ಅಂಶಗಳನ್ನಷ್ಟೇ ಕೂಡಿಡುತ್ತಿದ್ದೆ.

ತಿಂಗಳು ಮುಗಿಯಲು ಬಂದಾಗ ಒಂದು ಬೆಳಗ್ಗೆ ಸಂತೆಗೆ ಹೋದೆವು. ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಕಾಯಿಪಲ್ಲೆ ಹರವಿಕೊಂಡು ಕುಳಿತಿದ್ದಳು. ಬದನೆ, ಬೀನ್ಸು ತೂಗಿಸಿದೆ, ದುಡ್ಡು ಕೊಟ್ಟೆ, ಚೀಲದ ಬಾಯಿ ತೆರೆದು ಹಿಡಿದು ನಿಂತೆ. ಆಕೆ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

ನಾನು ಕಾಯುತ್ತಿದ್ದದ್ದು ಕೊಸರಿಗೆ. ಉಪ್ಪಿನಬೆಟಗೇರಿಯಿಂದ ಬಸ್ಸಿಗೆ ಬಂದು ನಮ್ಮ ಓಣಿಯಲ್ಲಿ ಬುಟ್ಟಿ ಇಳಿಸುವ ಬಸವ್ವ ತೂಕ ಮುಗಿದ ಮೇಲೆ ಎರಡು ಮೆಣಸಿನಕಾಯಿ, ನಾಲ್ಕು ಎಳೆ ಕೊತ್ತಂಬರಿ ಹಾಕದೆ ಬುಟ್ಟಿ ಎತ್ತಿದವಳಲ್ಲ. ಕೊಸರು ಕೇಳುವುದಕ್ಕೆ ನಮ್ಮಲ್ಲಿ ಮಾತು ಬೇಕಿಲ್ಲ, ಚೀಲದ ಬಾಯಿ ತೆರೆದಿದ್ದರೆ ಸಾಕು. ಅದು ರಿಯಾಯಿತಿಯಲ್ಲ. ರಿಯಾಯಿತಿಯಲ್ಲಿ ದುಡ್ಡು ಉಳಿಯುತ್ತದೆ. ಕೊಸರಿನಲ್ಲಿ ನಾಳೆಯೂ ಬಾ ಎಂಬ ಮಾತು ಇರುತ್ತದೆ. ಕೊಸರಿಲ್ಲದ ಸಂತೆ ನನಗೆ ಸಂತೆಯೇ ಅಲ್ಲ.

ಆಕೆಗೆ ಇದೆಲ್ಲ ಏನು ಗೊತ್ತು? ಚಿಲ್ಲರೆ ಕಡಿಮೆಯಾಯಿತೆಂದು ಒಂದು ನೋಟು ಕೊಡಲು ಬಂದಳು. ಬೇಡವೆಂದು ತಲೆಯಾಡಿಸಿದೆ. ತೂಕದ ಮೇಲೆ ಸಂಶಯವೆಂದು ತಿಳಿದು ಬದನೆಯನ್ನೆಲ್ಲ ಹೊರಗೆ ಸುರಿದು ಮತ್ತೆ ತೂಗಿ ತೋರಿಸಿದಳು. ನಾನು “ಅದಲ್ಲಾ ತಂಗಿ, ಕೊಸರ್, ಕೊಸರ್” ಎಂದೆ, ಗಟ್ಟಿಯಾಗಿ ಹೇಳಿದರೆ ಕನ್ನಡ ಎಲ್ಲರಿಗೂ ತಿಳಿಯುತ್ತದೆ ಎಂಬಂತೆ. ಬದನೆ ಕೊಳೆತಿದೆಯೆಂದು ನಾನು ದೂರುತ್ತಿದ್ದೇನೆಂದುಕೊಂಡು ಆಕೆ ಒಂದನ್ನು ಮುರಿದು ಒಳಗನ್ನು ತೋರಿಸಿದಳು. ಸುತ್ತ ಜನ ಕೂಡಿದರು. ಕಡೆಗೆ ನಾನು ಆಕೆಯ ರಾಶಿಯಿಂದ ಎರಡು ಮೆಣಸಿನಕಾಯಿ ಎತ್ತಿ, ನನ್ನ ಚೀಲಕ್ಕೆ ಹಾಕಿಕೊಂಡು, ಹುಬ್ಬು ಏರಿಸಿ ನಿಂತೆ. ಭೂಗೋಳದ ಬಾಯಾರು ನಡುಸಂತೆಯಲ್ಲಿ ಮೆಣಸಿನಕಾಯಿ ಕದ್ದಂತಾಯಿತು.

“ಓ, ಬೋನಸ್” ಎಂದಳು ಆಕೆ, ಮುಖವೆಲ್ಲ ಅರಳಿಸಿ. ಇನ್ನೊಂದು ಹಿಡಿ ತುಂಬಿ ಹಾಕಿದಳು.

ಹಿಂದೆ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದ ನಮ್ಮ ನಿವೃತ್ತ ಕ್ಯಾಷಿಯರರು, “ಬೋನಸ್ಸಂತ” ಎಂದು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ನನ್ನ ಕೈ ತಾನಾಗಿಯೇ ಪರ್ಸಿನೊಳಗೆ ಹೋಗಿ ದಮ್ಮಿನ ಪಂಪನ್ನು ಹಿಡಿದುಕೊಂಡಿತು. ನಗೆ ಬಂದರೆ ಹಿಂದೆಯೇ ಕೆಮ್ಮು, ಕೆಮ್ಮು ಬಂದರೆ ದಮ್ಮು, ಅದು ನಮ್ಮ ಮನೆಯ ಮಳೆಗಾಲದ ನಿಯಮ. ನಾನು ಪಂಪು ಹಿಡಿದು ಕಾದೆ. ಇವರು ನಕ್ಕರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು, ನಿಲ್ಲಿಸಿ ನನ್ನ ಮುಖ ನೋಡಿ ಮತ್ತೆ ನಕ್ಕರು. ಕೆಮ್ಮು ಬರಲಿಲ್ಲ.

ಆಗ ನನಗೆ ತಿಳಿಯಿತು. ಹಲವು ವರ್ಷಗಳಿಂದ ಮಳೆಗಾಲದಲ್ಲಿ ನಾನು ಇವರಿಗೆ ನಗೆಯ ಮಾತು ಹೇಳುವುದನ್ನು ಬಿಟ್ಟಿದ್ದೆ. ಇವರು ನಗುವುದನ್ನು ಬಿಟ್ಟಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡು ಬಿಟ್ಟದ್ದಲ್ಲ. ವಯಸ್ಸಾಯಿತು, ಮನುಷ್ಯ ಗಂಭೀರವಾದರು ಎಂದು ನಾನು ಅಂದುಕೊಂಡಿದ್ದೆ. ವರ್ಷದ ಅರ್ಧ ಪಾಲು ನಗೆಯಿಲ್ಲದೆ ಕಳೆಯುವ ಊರನ್ನು ನಾನು ಸೋವಿ ಊರೆಂದು ಲೆಕ್ಕ ಹಾಕಿಟ್ಟಿದ್ದೆ. ಪಂಪನ್ನು ಪರ್ಸಿನೊಳಗೆ ಬಿಟ್ಟು ಜಿಪ್ಪು ಎಳೆದೆ.

ಇವರು ಕಣ್ಣೊರೆಸಿಕೊಂಡು ಎದ್ದರು. “ನಡಿ” ಎಂದರು, ಬಹಳ ಮೆತ್ತಗೆ. “ನಿನಗ ಇಲ್ಲೆ ಜೀವ ಹತ್ತಾಂಗಿಲ್ಲ, ನನಗ ಗೊತ್ತಾಗೈತಿ. ಊರಿಗೆ ಹೋಗಿಬಿಡೋಣು. ನಾ ಮತ್ತ ಈ ಮಾತ ತಗಿಯಾಂಗಿಲ್ಲ.”

ನಾನು ಸಂತೆಯ ಆ ತುದಿಗೆ ಹೋದೆ. ಅಲ್ಲಿ ಕಲ್ಲಿನ ಸಾಮಾನು ಮಾರುವವನೊಬ್ಬ ಕುಳಿತಿದ್ದ. ತಟ್ಟೆಯಂತೆ ಅಗಲವಾದ ಕರಿಕಲ್ಲಿನ ಒರಳು, ಅರೆಯಲು ಜೊತೆಗೊಂದು ಗುಂಡುಕಲ್ಲು. ಅವನು ಹೇಳಿದಷ್ಟನ್ನೂ ಎಣಿಸಿ ಕೊಟ್ಟೆ.

“ಇದೇನ ತಗೊಂಡಿ?” ಇವರು ಹಿಂದೆಯೇ ಬಂದಿದ್ದರು.

“ಒರಳ್ರಿ. ಮೆಣಸಿನಕಾಯಿ ರಂಜಕಾ ಅರಿಯಾಕ.”

“ಇಷ್ಟ ಭಾರದ್ದ ವಿಮಾನದಾಗ ಒಯ್ಯಾಕ ಬಿಡ್ತಾರೇನ?”

“ಒಯ್ಯಾವ್ರು ಯಾರ್ರಿ?” ಎಂದೆ. “ಕಲ್ಲು ಇಲ್ಲೇ ಇರ್ತೈತಿ.”

ಇವರು ಒಮ್ಮೆ ನನ್ನನ್ನೂ ಒಮ್ಮೆ ಒರಳನ್ನೂ ನೋಡಿದರು. ಆಮೇಲೆ ಬಾಗಿ, ಎರಡೂ ಕೈಯಿಂದ ಅದನ್ನು ಎತ್ತಿ ಎದೆಗವಚಿಕೊಂಡು ಮುಂದೆ ನಡೆದರು. ಎಷ್ಟು ಕೊಟ್ಟೆ ಎಂದು ಕೇಳುವುದನ್ನೇ ಮರೆತರು. ನಾನಾಗಿಯೇ ಹೇಳಲಿಲ್ಲ, ಬಲು ತುಟ್ಟಿಯಾಗಿತ್ತು.